ಆಂತರಿಕ್ಷೋತ್ಪಾತಗಳೂ ‘ಹಾರುವ ತಟ್ಟೆ’ಗಳೂ

ಕುಂದಾಪುರದ ಸೀಮೆಯಲ್ಲಿ ವಾರಾಹೀ ನದಿಯ ದಡದಲ್ಲಿರುವ ಹಟ್ಟಿಯಂಗಡಿಯು ಆಳುಪರ ಇತಿಹಾಸವನ್ನು ಅರಸುವವರಿಗೆ ಪರಿಚಿತವಾದ ಊರು. ಅಲ್ಲಿಯ ಸಿದ್ಧಿವಿನಾಯಕನ ಗುಡಿಯನ್ನೂ ಜೈನ ಬಸದಿಯನ್ನೂ ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಇಲ್ಲಿ ಪ್ರಸ್ತುತವಾದುದು ಆ ಊರಿನ ಶಿಲ್ಪವಲ್ಲ, ಆಕಾಶ. ಪಡುವಲಿಗೆ ಸಮುದ್ರವು ಸಮೀಪದಲ್ಲಿದೆ. ಮೂಡಲಿಗೆ ಸಹ್ಯಾದ್ರಿಯ ಗೆರೆ ಎದ್ದು ನಿಂತಿದೆ. ನಡುವೆ ಹೊಳೆ, ಬೈಲು, ತೆಂಗಿನ ತೋಟ. ಇರುಳಿನಲ್ಲಿ ಗದ್ದೆಯ ಅಂಚನ್ನು ಹಿಡಿದು ನಡೆಯುವವನಿಗೆ ಅಲ್ಲಿ ಕಾಣುವ ಬೆಳಕುಗಳು ಒಂದೆರಡಲ್ಲ. ಕಡಲಿನ ಮೇಲೆ ಇಳಿಯುತ್ತಿರುವ ಶುಕ್ರ, ಮೀನು ಹಿಡಿಯುವ ದೋಣಿಯ ದೀಪ, ಹೊಳೆಯ ಆಚೆ ಯಾರೋ ಹಿಡಿದ ಸೂಟೆ, ಬೀಳುವ ಚುಕ್ಕಿ, ಜೌಗಿನ ಮೇಲೆ ಆಡಿ ಮಾಯವಾಗುವ ಕೊಳ್ಳಿದೆವ್ವ. ೨೦೧೯ರಿಂದ ಈಚೆಗೆ, ಮಣಿಗಳನ್ನು ಪೋಣಿಸಿದಂತೆ ಸಾಲಾಗಿ ಸಾಗುವ ಸ್ಟಾರ್‌ಲಿಂಕ್ ಉಪಗ್ರಹಗಳು. ಬಲ್ಲವನಿಗೆ ಇವೆಲ್ಲ ಬೇರೆ ಬೇರೆ. ಅರಿಯದವನಿಗೆ ಎಲ್ಲವೂ ಒಂದೇ: ‘ಏನೋ ಒಂದು ಬೆಳಕು ಹೋಯಿತು.’ ಈ ಮಾತಿನ ವರೆಗೆ ಆತನು ಹೇಳುವುದು ಪ್ರತ್ಯಕ್ಷ. ಅದು ದೆವ್ವವೆಂದೋ, ಶತ್ರುವಿನ ವಿಮಾನವೆಂದೋ, ಅನ್ಯಲೋಕದವರ ವಾಹನವೆಂದೋ ಮುಂದೆ ಹೇಳುವುದು ಅನುಮಾನ. ಈ ಎರಡರ ಗಡಿಯನ್ನು ಕಾಯ್ದವರು ಯಾರು, ದಾಟಿದವರು ಯಾರು ಎಂಬುದೇ ಇಲ್ಲಿಯ ವಿಚಾರ.

ಆಕಾಶದ ವಿಪರೀತ ದರ್ಶನಗಳನ್ನು ಶಾಸ್ತ್ರವಾಗಿ ವಿಂಗಡಿಸುವ ಪ್ರಯತ್ನವು ನಮ್ಮಲ್ಲಿ ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಉತ್ಪಾತಗಳನ್ನು ದಿವ್ಯ, ಆಂತರಿಕ್ಷ, ಭೌಮ ಎಂದು ಮೂರಾಗಿ ಮಾಡಿ, ಉಲ್ಕೆ, ನಿರ್ಘಾತ, ಪರಿವೇಷ, ಗಂಧರ್ವನಗರ, ಇಂದ್ರಧನುಸ್ಸು ಮೊದಲಾದವುಗಳನ್ನು ನಡುವಣ ವರ್ಗದಲ್ಲಿ ಎಣಿಸುತ್ತಾನೆ. ಉಲ್ಕೆಯೊಂದರಲ್ಲಿಯೇ ಧಿಷ್ಣ್ಯೆ, ಉಲ್ಕೆ, ಅಶನಿ, ವಿದ್ಯುತ್, ತಾರೆ ಎಂದು ಐದು ಭೇದಗಳು. ಧಿಷ್ಣ್ಯೆಯು ಕೃಶವಾದುದು, ಸಣ್ಣ ಬಾಲವುಳ್ಳದು, ಉರಿಯುವ ಕೆಂಡದಂತಿರುವುದು. ತಾರೆಯು ಒಂದು ಮೊಳದಷ್ಟು ಉದ್ದವಾಗಿ, ತಾವರೆಯ ನೂಲಿನಂತೆ ತೆಳ್ಳಗೆ, ಬಿಳಿದಾಗಿಯೋ ತಾಮ್ರದ ಬಣ್ಣದ್ದಾಗಿಯೋ ಓರೆಯಾಗಿ ಹೋಗುವುದು. ಅಶನಿಯು ಚಕ್ರದಂತೆ ತಿರುಗುತ್ತ ಮಹಾಶಬ್ದದಿಂದ ಮನುಷ್ಯ, ಪಶು, ಮನೆ, ಮರಗಳ ಮೇಲೆ ಬಿದ್ದು ನೆಲವನ್ನು ಸೀಳುವುದು. ಉಲ್ಕೆಯ ತಲೆ ದೊಡ್ಡದು, ಬಾಲ ಸಣ್ಣದು, ಬೀಳುತ್ತ ಬೆಳೆಯುವುದು. ಬಣ್ಣ, ಅಳತೆ, ಗತಿ, ಶಬ್ದ, ದಿಕ್ಕು ಎಲ್ಲವೂ ಇಲ್ಲಿವೆ. ಕಣ್ಣಾರೆ ಕಂಡವರ ಮಾತುಗಳನ್ನು ಕೂಡಿಸದೆ ಇಂತಹ ಲಕ್ಷಣಗಳನ್ನು ಬರೆಯುವುದು ಸಾಧ್ಯವಿಲ್ಲ. ಆದರೆ ಲಕ್ಷಣವು ಮುಗಿಯುವುದರೊಳಗೆ ಫಲವು ಕಾದಿರುತ್ತದೆ: ಉಲ್ಕೆಗೂ ಧಿಷ್ಣ್ಯೆಗೂ ಒಂದು ಪಕ್ಷ, ಅಶನಿಗೆ ಮೂರು ಪಕ್ಷ, ವಿದ್ಯುತ್ತಿಗೂ ತಾರೆಗೂ ಆರು ದಿನ. ನೋಡುವಾಗ ಇಷ್ಟು ಎಚ್ಚರವಿದ್ದ ಬುದ್ಧಿಯು ಫಲಹೇಳುವಾಗ ಅದನ್ನು ಬಿಟ್ಟುಕೊಟ್ಟಿತಲ್ಲಾ ಎಂದು ಮರುಕವಾಗುತ್ತದೆ. ಕನ್ನಡದಲ್ಲಿ ಸುಮಾರು ೧೩೦೦ರ ಹೊತ್ತಿನ ಅರ್ಹದ್ದಾಸನ ರಟ್ಟಮತವು ಮಳೆ, ಮಿಂಚು, ಭೂಕಂಪ, ಶಕುನಗಳನ್ನು ಒಂದೆಡೆ ತಂದ ಗ್ರಂಥ. ಅದು ತೆಲುಗಿಗೂ ಪರಿವರ್ತಿತವಾಯಿತೆಂಬುದನ್ನು ನೋಡಿದರೆ ಇಂತಹ ಗ್ರಂಥಗಳಿಗೆ ನಾಡಿನಲ್ಲಿ ಎಷ್ಟು ಬೇಡಿಕೆಯಿತ್ತೆಂಬುದು ತಿಳಿಯುತ್ತದೆ.

ಹಳ್ಳಿಗರು ಕಂಡುದೆಲ್ಲ ಭ್ರಾಂತಿಯೆಂದು ತಳ್ಳಿಹಾಕುವುದೂ ಅನುಮಾನದ ದೋಷವೇ. ಯೂರೋಪಿನ ಪಂಡಿತರು ಹದಿನೆಂಟನೆಯ ಶತಮಾನದಲ್ಲಿ ಆಕಾಶದಿಂದ ಕಲ್ಲು ಬೀಳುವುದೆಂಬ ಮಾತನ್ನು ಪಾಮರರ ಕಲ್ಪನೆಯೆಂದು ನಕ್ಕರು. ೧೭೯೪ರಲ್ಲಿ ಜರ್ಮನಿಯ ಕ್ಲಾಡ್ನಿಯು ಅದನ್ನು ಸಮರ್ಥಿಸಿದಾಗಲೂ ನಂಬಿದವರು ಕೆಲವರೇ. ೧೮೦೩ರ ಏಪ್ರಿಲ್ ೨೬ರಂದು ಫ್ರಾನ್ಸಿನ ಲೇಗ್ಲ್ ಎಂಬ ಊರಿನ ಸುತ್ತ ಸಾವಿರಾರು ಕಲ್ಲುಗಳು ಬಿದ್ದುವು. ವಿಚಾರಣೆಗೆ ಹೋದ ಬಿಯೋ ಎಂಬ ತರುಣ ವಿದ್ವಾಂಸನು ಹಳ್ಳಿ ಹಳ್ಳಿಗೆ ಅಲೆದು, ಪರಸ್ಪರ ಪರಿಚಯವಿಲ್ಲದವರ ಸಾಕ್ಷ್ಯಗಳನ್ನು ಹೋಲಿಸಿ, ಕಲ್ಲು ಬಿದ್ದ ಪ್ರದೇಶವು ದೀರ್ಘವೃತ್ತದ ಆಕಾರದಲ್ಲಿದೆಯೆಂದು ತೋರಿಸಿದನು. ರೈತರೂ ಪಾದ್ರಿಗಳೂ ಹೇಳಿದುದೇ ನಿಜವಾಯಿತು. ನಮ್ಮ ನಾಡಿನಲ್ಲಿಯೂ ಧಾರವಾಡದ್ದು ೧೮೪೮ರಲ್ಲಿ, ಮದ್ದೂರಿನದು ೧೮೬೫ರಲ್ಲಿ, ಹಟ್ಟಿಯಂಗಡಿಗೆ ತೀರ ಸಮೀಪವಾದ ಉಡುಪಿಯದು ೧೮೬೬ರಲ್ಲಿ ಬಿದ್ದ ಉಲ್ಕಾಶಿಲೆಗಳೆಂದು ಲೋಕದ ಪಟ್ಟಿಗಳಲ್ಲಿ ದಾಖಲಾಗಿವೆ. ವರಾಹಮಿಹಿರನ ಅಶನಿಯ ಲಕ್ಷಣದಲ್ಲಿ ಸಿಡಿಲೂ ಇಂತಹ ಶಿಲೆಯೂ ಬೆರೆತಿರುವಂತೆ ತೋರುತ್ತದೆ.

ಇನ್ನು ಈ ಕಾಲದ ಉತ್ಪಾತಕ್ಕೆ ಬರಬಹುದು. ‘ಹಾರುವ ತಟ್ಟೆ’ ಎಂಬ ಮಾತು ಹುಟ್ಟಿದ ಬಗೆಯು ಅಲಂಕಾರಶಾಸ್ತ್ರವನ್ನು ಕಲಿಸುವವರು ಗಮನಿಸಬೇಕಾದುದು. ೧೯೪೭ರ ಜೂನ್ ೨೪ರಂದು ಅಮೆರಿಕದ ಕೆನೆತ್ ಆರ್ನಲ್ಡ್ ಎಂಬಾತನು ತನ್ನ ಸಣ್ಣ ವಿಮಾನದಲ್ಲಿ ಹೋಗುತ್ತಿರುವಾಗ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳು ಅತಿವೇಗವಾಗಿ ಸಾಗಿದುದನ್ನು ಕಂಡನು. ಅವು ಹೇಗೆ ಹೋದುವು ಎಂದು ಕೇಳಿದವರಿಗೆ, ನೀರಿನ ಮೇಲೆ ಎಸೆದ ತಟ್ಟೆಯು ಕುಪ್ಪಳಿಸುತ್ತ ಹೋಗುವಂತೆ ಎಂದು ಉತ್ತರಕೊಟ್ಟನು. ಇದು ಪೂರ್ಣೋಪಮೆ. ಉಪಮೇಯವು ಆ ವಸ್ತುಗಳು, ಉಪಮಾನವು ತಟ್ಟೆ, ವಾಚಕವು ‘ಅಂತೆ’, ಸಾಧಾರಣಧರ್ಮವು ಕುಪ್ಪಳಿಸುವ ಗತಿ. ವರ್ತಮಾನಪತ್ರಗಳು ಅದನ್ನು ‘ಹಾರುವ ತಟ್ಟೆ’ ಎಂಬ ತಲೆಬರಹವಾಗಿ ಕುಗ್ಗಿಸಿದುವು. ವಾಚಕವೂ ಧರ್ಮವೂ ಲೋಪವಾದುವು. ಲುಪ್ತವಾದ ಧರ್ಮವನ್ನು ಓದುಗನು ತಾನೇ ತುಂಬಿಕೊಳ್ಳಬೇಕಷ್ಟೆ. ಲೋಕವು ಗತಿಯ ಸ್ಥಾನದಲ್ಲಿ ಆಕಾರವನ್ನು ತುಂಬಿತು! ಆರ್ನಲ್ಡನು ಸೈನ್ಯಾಧಿಕಾರಿಗಳಿಗೆ ಬರೆದುಕೊಟ್ಟ ಚಿತ್ರದಲ್ಲಿ ಆ ವಸ್ತುವು ಪೂರ್ಣವೃತ್ತವಾಗಿರದೆ, ಮುಂದೆ ದುಂಡಾಗಿ ಹಿಂದೆ ಕಿರಿದಾಗಿದ್ದಿತು. ಆದರೂ ಆಮೇಲೆ ದೇಶದೇಶಗಳಲ್ಲಿ ಜನರು ಕಂಡುದು ದುಂಡನೆಯ ತಟ್ಟೆಗಳನ್ನೇ. ಉಪಮೆಯೊಂದು ಹೀಗೆ ಕಣ್ಣನ್ನೇ ತಿದ್ದಿದ ಉದಾಹರಣೆಯು ಕಾವ್ಯದಲ್ಲಿಯೂ ದುರ್ಲಭ.

ಅಮೆರಿಕದ ವಾಯುಸೈನ್ಯವು ೧೯೫೨ರಿಂದ ೧೯೬೯ರ ವರೆಗೆ ‘ಬ್ಲೂ ಬುಕ್’ ಎಂಬ ಹೆಸರಿನಲ್ಲಿ ಇಂತಹ ವರದಿಗಳನ್ನು ವಿಚಾರಿಸಿತು. ಅದಕ್ಕೆ ಹಿಂದಿನ ವಿಚಾರಣೆಗಳನ್ನೂ ಸೇರಿಸಿ ೧೨,೬೧೮ ವರದಿಗಳಲ್ಲಿ ೭೦೧ ಮಾತ್ರ ಗುರುತಿಸಲಾಗದೆ ಉಳಿದುವು. ಕೊಲರಾಡೊ ವಿಶ್ವವಿದ್ಯಾನಿಲಯದ ಕಾಂಡನ್ ಸಮಿತಿಯು ಈ ವಿಚಾರಣೆಯಿಂದ ವಿಜ್ಞಾನಕ್ಕೆ ಹೆಚ್ಚಿನ ಲಾಭವಿಲ್ಲವೆಂದು ಹೇಳಿದ ಮೇಲೆ ಆ ಕಾರ್ಯವು ನಿಂತಿತು. ಸೈನ್ಯಕ್ಕೆ ಖಗೋಳವಿಷಯದಲ್ಲಿ ಸಲಹೆಗಾರನಾಗಿದ್ದ ಅಲೆನ್ ಹೈನೆಕ್ ಎಂಬ ಪ್ರಾಧ್ಯಾಪಕನ ವೃತ್ತಾಂತವು ಇಲ್ಲಿ ಹೆಚ್ಚು ಬೋಧಕವಾಗಿದೆ. ೧೯೬೬ರಲ್ಲಿ ಮಿಷಿಗನ್ ಪ್ರಾಂತದ ಜೌಗುನೆಲದಲ್ಲಿ ಅನೇಕರು ಕಂಡ ಬೆಳಕುಗಳು ಜೌಗಿನ ಅನಿಲದಿಂದ ಆಗಿರಬಹುದೆಂದು ಆತನು ಸೂಚಿಸಿದಾಗ ದೇಶವೆಲ್ಲ ನಕ್ಕಿತು. ನಗುವುದಕ್ಕೆ ಅಷ್ಟೊಂದು ಕಾರಣವಿರಲಿಲ್ಲ. ಆದರೆ ಸಾಕ್ಷಿಗಳ ಮಾತನ್ನು ಪೂರ್ತಿಯಾಗಿ ಕೇಳುವ ಮೊದಲೇ ನಿರ್ಣಯವು ಹೊರಟಿತೆಂಬ ಅಸಮಾಧಾನವು ನ್ಯಾಯವಾದುದೇ. ಮೊದಲು ಸಂಶಯವಾದಿಯಾಗಿದ್ದ ಹೈನೆಕ್ಕನು ಆಮೇಲೆ, ಉಳಿದ ಪ್ರಕರಣಗಳನ್ನು ಕ್ರಮವಾಗಿ ಶೋಧಿಸಬೇಕೆಂದು ವಾದಿಸಿ, ೧೯೭೩ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿದನು. ಅದೇ ಬಗೆಯ ಹವ್ಯಾಸಿ ಶೋಧಕರ ಸಂಘಗಳು ಇತರ ದೇಶಗಳಲ್ಲಿಯೂ ಬೆಳೆದುವು. ಅವರಲ್ಲಿ ಬಿಯೋವಿನ ವಂಶದವರೂ ಇದ್ದಾರೆ, ಫಲಜ್ಯೋತಿಷಿಗಳ ವಂಶದವರೂ ಇದ್ದಾರೆ. ‘ತಿಳಿಯದು’ ಎಂಬಲ್ಲಿಂದ ‘ಅನ್ಯಲೋಕದ್ದು’ ಎಂಬಲ್ಲಿಗೆ ಒಂದೇ ನೆಗೆತಕ್ಕೆ ಹಾರುವವರು ಎರಡನೆಯ ವಂಶದವರು.

ಫ್ರಾನ್ಸಿನ ಅಂತರಿಕ್ಷಸಂಸ್ಥೆಯು ೧೯೭೭ರಲ್ಲಿ ಸ್ಥಾಪಿಸಿದ ಶೋಧನಾವಿಭಾಗದ ವರ್ಗೀಕರಣವು ಶಾಸ್ತ್ರಾಭ್ಯಾಸಿಗಳಿಗೆ ಮೆಚ್ಚಿಗೆಯಾಗತಕ್ಕದ್ದು. ಅದರಲ್ಲಿ ನಾಲ್ಕು ವರ್ಗಗಳು: ನಿಶ್ಚಯವಾಗಿ ಗುರುತಿಸಿದವು, ಪ್ರಾಯಶಃ ಗುರುತಿಸಿದವು, ಮಾಹಿತಿ ಸಾಲದುದರಿಂದ ಗುರುತಿಸಲಾಗದವು, ಮಾಹಿತಿಯಿದ್ದು ವಿಚಾರಣೆ ನಡೆದರೂ ಗುರುತಿಸಲಾಗದವು. ಸಾಮಾನ್ಯರ ಮಾತಿನಲ್ಲಿ ಕೊನೆಯ ಎರಡೂ ‘ಅರ್ಥವಾಗದ್ದು’ ಎಂಬ ಒಂದೇ ಪದದಲ್ಲಿ ಅಡಗುತ್ತವೆ. ವಾಸ್ತವವಾಗಿ ಮೂರನೆಯದರಲ್ಲಿ ಕೊರತೆಯಿರುವುದು ಸಾಕ್ಷ್ಯದಲ್ಲಿ. ನಾಲ್ಕನೆಯದರಲ್ಲಿ ಮಾತ್ರ ವಸ್ತುವಿನ ವಿಷಯದಲ್ಲಿ ನಿಜವಾದ ಜಿಜ್ಞಾಸೆಗೆ ಎಡೆಯಿದೆ. ಈಚೆಗೆ ಅಮೆರಿಕದ ಸರ್ಕಾರವು ಗುರುತಿಸಲಾಗದ ‘ವಸ್ತು’ ಎಂಬ ಹೆಸರನ್ನು ಬಿಟ್ಟು ‘ವಿದ್ಯಮಾನ’ ಎಂಬ ಹೆಸರನ್ನು ಹಿಡಿದಿರುವುದೂ ಇಂತಹ ವಿವೇಕದಿಂದಲೇ ಇರಬಹುದು. ಕಂಡುದು ಬೆಳಕು, ಅಂದರೆ ಗುಣ. ವಸ್ತುವೆಂದೊಡನೆ ದ್ರವ್ಯವನ್ನು ಒಪ್ಪಿಕೊಂಡಂತಾಯಿತು. ವೈಶೇಷಿಕರು ಕೇಳಿದ್ದರೆ ಸಂತೋಷಪಡುತ್ತಿದ್ದರು. ನಾಸಾ ಸಂಸ್ಥೆಯು ನೇಮಿಸಿದ ತಜ್ಞರ ಮಂಡಲಿಯೂ ೨೦೨೩ರಲ್ಲಿ ಹೇಳಿದುದು ಇಷ್ಟೇ: ಅನ್ಯಲೋಕದ ಮೂಲಕ್ಕೆ ಪ್ರಮಾಣವಿಲ್ಲ, ಉತ್ತಮವಾದ ದತ್ತಾಂಶಗಳು ಬೇಕು.

ಶಿಕ್ಷಿತನಾದ ಸಾಕ್ಷಿಯೂ ಹೇಗೆ ತಪ್ಪುವನೆಂಬುದಕ್ಕೆ ಲಡಾಖಿನ ಪ್ರಕರಣವು ನಿದರ್ಶನ. ೨೦೧೨ರ ಆಗಸ್ಟಿನಿಂದ ೨೦೧೩ರ ಫೆಬ್ರವರಿಯ ವರೆಗೆ ಗಡಿಯ ಸೈನಿಕರು ಚೀನದ ಕಡೆಯ ಆಕಾಶದಲ್ಲಿ ಬೆಳಕುಗಳನ್ನು ಕಂಡು, ಶತ್ರುವಿನ ಗೂಢಚಾರವಿಮಾನಗಳೆಂದು ಶಂಕಿಸಿ, ೩೨೯ ಸಲ ದಾಖಲೆಮಾಡಿದರು. ಕೊನೆಗೆ ವಿಚಾರವು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಗೆ ಬಂದಿತು. ಲಡಾಖಿನ ಹಾನ್ಲೆಯಲ್ಲಿರುವ ವೀಧಶಾಲೆಯು ಆ ಸಂಸ್ಥೆಯದೇ. ನಕ್ಷತ್ರಗಳ ಹಿನ್ನೆಲೆಯಲ್ಲಿ ಆ ಬೆಳಕುಗಳು ಹೇಗೆ ಚಲಿಸಿದುವೆಂಬುದನ್ನು ನೋಡಿದಾಗ ಅವು ಗುರು ಶುಕ್ರರೆಂದು ಗೊತ್ತಾಯಿತು. ಆಗ ಶುಕ್ರನು ಬೆಳ್ಳಿಯಾಗಿ ಮುಂಜಾನೆ ಮೂಡುತ್ತಿದ್ದನು. ಡಿಸೆಂಬರಿನಲ್ಲಿ ಗುರುವು ಸೂರ್ಯನಿಗೆ ಇದಿರಾಗಿ ವೃಷಭದಲ್ಲಿ ಇರುಳೆಲ್ಲ ಬೆಳಗುತ್ತಿದ್ದನು. ಪಂಚಾಂಗವನ್ನು ನೋಡಬಲ್ಲ ಯಾವ ಹಳ್ಳಿಯ ಜೋಯಿಸನಾದರೂ ಹೇಳಬಹುದಾಗಿದ್ದ ಸಂಗತಿಯಿದು. ಆದರೂ ಸೈನಿಕರನ್ನು ಹಾಸ್ಯಮಾಡುವುದು ಸಲ್ಲದು. ಕತ್ತಲೆಯಲ್ಲಿ ಒಂಟಿಯಾದ ನಿಶ್ಚಲ ಬೆಳಕನ್ನು ದಿಟ್ಟಿಸಿದರೆ ಅದು ಚಲಿಸುವಂತೆ ತೋರುವುದು ಕಣ್ಣಿನ ಧರ್ಮ. ಅಲ್ಲದೆ ಅವರು ಕಂಡುದನ್ನು ಕಂಡಂತೆ, ಬಿಡದೆ, ಲೆಕ್ಕವಿಟ್ಟು ಬರೆದುದರಿಂದಲೇ ನಿರ್ಣಯವು ಸಾಧ್ಯವಾಯಿತು. ಚಿಪ್ಪಿನಲ್ಲಿ ಬೆಳ್ಳಿಯನ್ನು ಕಂಡವನು ‘ಇದು’ ಎಂದು ಬೆರಳು ತೋರಿಸಿದ್ದು ಸುಳ್ಳಲ್ಲವೆಂದು ನೈಯಾಯಿಕರು ಹೇಳುವುದು ಇದನ್ನೇ.

ಶಬ್ದದ ವಿಷಯದಲ್ಲಿಯೂ ಇಂತಹುದೊಂದು ನಡೆಯಿತು. ೨೦೨೦ರ ಮೇ ೨೦ರ ಮಧ್ಯಾಹ್ನ ಬೆಂಗಳೂರು ನಗರವೆಲ್ಲ ಕೇಳಿದ ಮಹಾಶಬ್ದವು ಭೂಕಂಪವೆಂದು ಜನರು ಹೊರಗೆ ಓಡಿಬಂದರು. ವಾಯುಸೈನ್ಯದ ವಿಮಾನವೊಂದು ಪರೀಕ್ಷಾರ್ಥವಾಗಿ ಶಬ್ದವೇಗವನ್ನು ಮೀರಿ ಹಾರಿದುದರ ಫಲವೆಂದು ಆಮೇಲೆ ರಕ್ಷಣಾ ಇಲಾಖೆಯವರು ತಿಳಿಸಿದರು. ಗಾಳಿಯು ಗಾಳಿಯ ಹೊಡೆತಕ್ಕೆ ಸಿಕ್ಕಿ ಆಕಾಶದಿಂದ ನೆಲದ ಮೇಲೆ ಬಿದ್ದಾಗ ನಿರ್ಘಾತವಾಗುವುದೆಂದು ವರಾಹಮಿಹಿರನು ಹೇಳುತ್ತಾನೆ. ಹೋಲಿಕೆಯು ಚೆಲುವಾಗಿದೆ, ಆದರೆ ಇದನ್ನು ಹಿಡಿದು ಪೂರ್ವಿಕರು ಶಬ್ದವನ್ನು ಮೀರಿ ಹಾರಿದರೆಂದು ಹೇಳಹೊರಟರೆ ವರಾಹಮಿಹಿರನಿಗೇ ಅಪಚಾರ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳ ಮುಖದಿಂದ ಹೊರಟು, ಭರದ್ವಾಜಪ್ರಣೀತವೆಂದು ೧೯೭೩ರಲ್ಲಿ ಮೈಸೂರಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾದ ವೈಮಾನಿಕಶಾಸ್ತ್ರಕ್ಕೆ ಆದ ಗತಿ ಎಲ್ಲರಿಗೂ ತಿಳಿದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು ೧೯೭೪ರಲ್ಲಿ ಅದನ್ನು ಪರೀಕ್ಷಿಸಿ, ಅದರ ಸಂಸ್ಕೃತವು ವೈದಿಕವಲ್ಲ, ಗ್ರಂಥವು ೧೯೦೦ರಿಂದ ೧೯೨೨ರೊಳಗೆ ಹುಟ್ಟಿದುದು, ಅಲ್ಲಿಯ ಯಂತ್ರಗಳು ಹಾರಲಾರವು ಎಂದು ನಿರ್ಣಯಿಸಿದರು. ಶಾಸ್ತ್ರದ ಗೌರವವನ್ನು ಉಳಿಸಿದವರು ಆ ಐವರೇ. ಭಾಷೆಯಿಂದ ಕಾಲವನ್ನು ತೂಗಿನೋಡುವ ಆ ಕಾರ್ಯವನ್ನು ಸಂಸ್ಕೃತ ಪಾಠಶಾಲೆಗಳಿಂದ ಬಂದವರು ಮೊದಲು ಮಾಡಬೇಕಾಗಿತ್ತು.

ಹಟ್ಟಿಯಂಗಡಿಯ ಬೈಲಿಗೆ ಮರಳಿದರೆ, ಅಲ್ಲಿ ಆಗಬೇಕಾದ ಕೆಲಸವು ಇನ್ನೂ ಇದೆ. ಉಡುಪಿಯ ಪೂರ್ಣಪ್ರಜ್ಞ ಮಹಾವಿದ್ಯಾಲಯದ ಹವ್ಯಾಸಿ ಖಗೋಳವೀಕ್ಷಕರ ಸಂಘದಂತಹ ಮಂಡಲಿಗಳು ಆಕಾಶವನ್ನು ನೋಡುವುದನ್ನು ಜನರಿಗೆ ಕಲಿಸುತ್ತಿವೆ. ಕೊಳ್ಳಿದೆವ್ವದ ವಿಷಯವು ಮಾತ್ರ ಜಾನಪದದವರ ಪಾಲಿಗೆ ಬಿದ್ದಿದೆ. ಕೊಳೆತ ಸಸ್ಯಗಳಿಂದ ಏಳುವ ಅನಿಲವೇ ಅದಕ್ಕೆ ಕಾರಣವೆಂದು ಪುಸ್ತಕಗಳು ಹೇಳುತ್ತವೆ. ಆದರೆ ಆ ಅನಿಲಕ್ಕೆ ಜೌಗಿನಲ್ಲಿ ಕಿಡಿ ಎಲ್ಲಿಂದ ತಗಲುವುದೆಂಬುದು ವಿಜ್ಞಾನಿಗಳಲ್ಲಿಯೂ ಚರ್ಚೆಯ ವಿಷಯವೇ. ಬೈಲುಗಳು ದಿನೇ ದಿನೇ ಕಡಮೆಯಾಗುತ್ತಿವೆ, ಹಳ್ಳಿಯ ಇರುಳನ್ನು ವಿದ್ಯುದ್ದೀಪವು ನುಂಗಿದೆ, ಕಂಡವರು ಮುದುಕರಾಗಿದ್ದಾರೆ. ಕಥೆಯನ್ನು ಬರೆದುಕೊಳ್ಳುವವರು ಅದರ ಅದ್ಭುತವನ್ನು ಬರೆದುಕೊಂಡು ಬರುತ್ತಾರೆ, ತಿಂಗಳನ್ನೂ ದಿಕ್ಕನ್ನೂ ಬಿಟ್ಟುಬರುತ್ತಾರೆ. ಕೇಳಬೇಕಾದುವು ಸಣ್ಣ ಪ್ರಶ್ನೆಗಳು: ಮಳೆಗೆ ಮುಂಚೆಯೋ, ಆಮೇಲೆಯೋ? ಗದ್ದೆಯಲ್ಲಿ ನೀರಿತ್ತೆ? ಬಣ್ಣ ಯಾವುದು? ಹತ್ತಿರ ಹೋದರೆ ಆರಿತೆ, ಹಿಂದೆ ಸರಿಯಿತೆ? ಮೂಡಲ ಮುಖವಾಗಿ ನೋಡಿದವನಿಗೆ ಅದು ಸಹ್ಯಾದ್ರಿಯ ಗೆರೆಗಿಂತ ಮೇಲೆ ಕಂಡಿತೆ, ಕೆಳಗೆ ಕಂಡಿತೆ? ಕೆಳಗೆ ಕಂಡಿದ್ದರೆ ಅದು ಗ್ರಹವಾಗಲಾರದು. ಮೇಲೆ ಕಂಡಿದ್ದರೆ, ಆ ವರ್ಷದ ಪಂಚಾಂಗವನ್ನು ಹುಡುಕಿ ತೆಗೆಯಬೇಕು.