ಸಾವಿರ ನೋಟಗಳ ಒಂದು ಚಿತ್ರ

ಕಿಟಕಿಯ ಗಾಜಿನ ಮೇಲೆ ಕುಳಿತ ನೊಣವನ್ನು ಓಡಿಸುವವರೇ ಹೆಚ್ಚು; ಬಗ್ಗಿ ನೋಡುವವರು ವಿರಳ. ಭೂತಗನ್ನಡಿ ಹಿಡಿದು ನೋಡಿದವರಿಗೆ ಮಾತ್ರ ಅದರ ರೆಕ್ಕೆಯ ನವುರಾದ ನರಗಳು, ಕಾಲಿನ ಮೇಲಣ ರೋಮಗಳು, ಕೆಂಗಂದು ಬಣ್ಣದ ದೊಡ್ಡ ಕಣ್ಣುಗಳು ಬೇರೆಯೇ ಒಂದು ಲೋಕವನ್ನು ತೆರೆದು ತೋರುತ್ತವೆ. ಆದರೆ ಆ ಲೋಕವನ್ನು ಚಿತ್ರದಲ್ಲಿ ಸೆರೆಹಿಡಿಯಹೊರಟ ಛಾಯಾಗ್ರಾಹಕನಿಗೆ ಒಂದು ವಿಚಿತ್ರ ಸಂಕಟ ಕಾದಿರುತ್ತದೆ. ಕಣ್ಣು ಸ್ಫುಟವಾಗಿ ಮೂಡಿದರೆ ರೆಕ್ಕೆ ಮಸುಕಾಗುತ್ತದೆ. ರೆಕ್ಕೆಗೆ ಹೊಂದಿಸಿದರೆ ಕಣ್ಣು ಮಂಜಿನಲ್ಲಿ ಕರಗಿಹೋಗುತ್ತದೆ.

ಇದಕ್ಕೆ ಕಾರಣ ಮಸೂರದ ಸ್ವಭಾವವೇ. ಯಾವ ಮಸೂರಕ್ಕೂ ಸ್ಫುಟವಾಗಿ ಕಾಣುವುದು ಒಂದು ಗೊತ್ತಾದ ದೂರದಲ್ಲಿರುವ ಪದರ ಮಾತ್ರ. ದೂರದ ಬೆಟ್ಟವನ್ನೋ ಮದುವೆಮನೆಯ ಬಂಧುಬಳಗವನ್ನೋ ಚಿತ್ರಿಸುವಾಗ ಆ ಪದರ ಸಾಕಷ್ಟು ದಪ್ಪವಾಗಿರುವುದರಿಂದ ತೊಂದರೆ ತೋರದು. ವಸ್ತು ಹತ್ತಿರ ಬಂದಂತೆಲ್ಲ, ಬಿಂಬ ಹಿರಿದಾದಂತೆಲ್ಲ, ಪದರ ತೆಳುವಾಗುತ್ತ ಹೋಗುತ್ತದೆ. ವಸ್ತುವಿನಷ್ಟೇ ಗಾತ್ರದ ಬಿಂಬವನ್ನು ಪಡೆಯುವಾಗ ಅದು ಸುಮಾರು 1 ಮಿಲಿಮೀಟರಿಗೆ ಇಳಿದಿರುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದ ಮಸೂರದಲ್ಲಾದರೋ, ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮಸೂರದ ಬಾಯಿಯನ್ನು ಕಿರಿದಾಗಿಸಿದರೆ ಪದರ ಕೊಂಚ ದಪ್ಪವಾಗುವುದು ನಿಜ. ಆದರೆ ತೀರ ಕಿರಿದಾದ ಕಿಂಡಿಯಲ್ಲಿ ಹಾಯುವ ಬೆಳಕು ವಿವರ್ತನೆಗೊಳಗಾಗಿ ಹರಡಿಕೊಂಡು, ಇಡೀ ಚಿತ್ರವನ್ನೇ ಮಂಕಾಗಿಸುತ್ತದೆ.

ಕುರುಡರು ಮತ್ತು ಆನೆ

ಆನೆಯನ್ನು ಮುಟ್ಟಿ ನೋಡಿದ ಕುರುಡರ ಕಥೆ ಎಲ್ಲರಿಗೂ ತಿಳಿದದ್ದೇ. ಒಬ್ಬನಿಗೆ ಅದು ಕಂಬ, ಮತ್ತೊಬ್ಬನಿಗೆ ಮೊರ. ಅವರು ಜಗಳವಾಡುವ ಬದಲು ಒಂದೆಡೆ ಕುಳಿತು, ತಾವು ತಾವು ಕಂಡದ್ದನ್ನು ಜೋಡಿಸಿದ್ದರೆ ಪೂರ್ಣವಾದ ಆನೆಯೇ ಅವರಿಗೆ ದೊರೆಯುತ್ತಿತ್ತು. ‘ಫೋಕಸ್ ಸ್ಟ್ಯಾಕಿಂಗ್’ ಎಂಬ ವಿಧಾನ ಮಾಡುವುದು ಇದನ್ನೇ.

ಕ್ಯಾಮೆರಾವನ್ನು ಅಲುಗದಂತೆ ಭದ್ರಪಡಿಸಿ, ಹುಳುವಿನ ಮುಂಭಾಗದಿಂದ ಹಿಂಭಾಗದವರೆಗೆ ಸ್ವಲ್ಪ ಸ್ವಲ್ಪವೇ ಮುಂದುವರಿಸುತ್ತ ಚಿತ್ರಗಳನ್ನು ತೆಗೆಯಲಾಗುತ್ತದೆ. ಬಾಳೆದಿಂಡನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂತೆ, ಒಂದೊಂದು ಚಿತ್ರದಲ್ಲಿಯೂ ಒಂದೊಂದು ತೆಳುಪದರ ಸ್ಫುಟವಾಗಿರುತ್ತದೆ. ಬಳಿಕ ಕಂಪ್ಯೂಟರು ಪ್ರತಿಯೊಂದು ಚಿತ್ರದಿಂದಲೂ ಸ್ಫುಟವಾದ ಭಾಗವನ್ನಷ್ಟೇ ಆರಿಸಿಕೊಂಡು ಒಂದೇ ಚಿತ್ರವಾಗಿ ಹೆಣೆಯುತ್ತದೆ. ಒಂದು ಹೆಜ್ಜೆ ದೊಡ್ಡದಾದರೂ ನಡುವೆ ಮಸುಕಿನ ಪಟ್ಟಿ ಉಳಿಯುತ್ತದೆ. ಮಹಡಿಯ ಮೇಲೆ ಯಾರಾದರೂ ನಡೆದಾಡಿದರೂ ಕೆಲಸ ಕೆಡಬಹುದು. ಒಂದು ರೋಮದ ಹಿಂದೆ ಇನ್ನೊಂದು ರೋಮ ಹಾದುಹೋಗುವೆಡೆಯಲ್ಲಿ ಯಂತ್ರವೂ ಮೋಸಹೋಗುವುದುಂಟು. ಅದನ್ನು ಕೈಯಿಂದಲೇ ತಿದ್ದಬೇಕು.

ಕಂಪ್ಯೂಟರು ಈ ಕೆಲಸಕ್ಕೆ ಬರುವ ಮುನ್ನವೇ ಇಂಥ ಪ್ರಯತ್ನ ನಡೆದಿತ್ತು. ಅಮೆರಿಕದ ವಿಜ್ಞಾನಿ ಡಾನ್ ಮೆಕ್‌ಲಾಕ್ಲನ್ 1964ರಲ್ಲಿ ಒಂದು ಜಾಣ ಉಪಾಯವನ್ನು ಪ್ರಕಟಿಸಿದನು. ಕತ್ತಲಲ್ಲಿ ತೆಳುವಾದ ಬೆಳಕಿನ ಹಾಳೆಯೊಂದನ್ನು ಹರಿಸಿ, ಮಸೂರಕ್ಕೆ ಸ್ಫುಟವಾಗಿ ಕಾಣುವ ಪದರವನ್ನಷ್ಟೇ ಬೆಳಗಿಸುವುದು. ಕ್ಯಾಮೆರಾದ ಕಣ್ಣು ತೆರೆದಿರುವಂತೆಯೇ ವಸ್ತುವನ್ನು ಆ ಬೆಳಕಿನ ಮೂಲಕ ನಿಧಾನವಾಗಿ ಸರಿಸುವುದು. ಬೆಳಕು ಬಿದ್ದ ಭಾಗವೆಲ್ಲ ಸ್ಫುಟ. ಮಸುಕಾಗಬೇಕಾದ ಭಾಗ ಕತ್ತಲಲ್ಲೇ ಉಳಿಯುತ್ತದೆ. ಹೀಗೆ ಒಂದೇ ಫಿಲ್ಮಿನ ಮೇಲೆ ಪೂರ್ಣಚಿತ್ರ ಮೂಡುತ್ತಿತ್ತು.

ಇಂದು ಈ ವಿಧಾನ ಭೂಮಿಯನ್ನೂ ದಾಟಿದೆ. 2012ರಲ್ಲಿ ಮಂಗಳಗ್ರಹಕ್ಕಿಳಿದ ‘ಕ್ಯೂರಿಯಾಸಿಟಿ’ ಶೋಧಕವಾಹನದ ತೋಳಿನಲ್ಲಿರುವ ಕ್ಯಾಮೆರಾ, ಅಲ್ಲಿಯ ಕಲ್ಲುಗಳ 8 ಚಿತ್ರಗಳವರೆಗೆ ತಾನೇ ಬೆಸೆದು ಒಂದಾಗಿಸಿ ಕಳುಹಿಸಬಲ್ಲುದು.

ಹುಳುವಿನ ಮುಂದೆ ಮೂರು ವಾರ

ಈ ಕಲೆಯಲ್ಲಿ ಲೋಕದ ಗಮನ ಸೆಳೆದವನು ಇಂಗ್ಲೆಂಡಿನ ಲೆವನ್ ಬಿಸ್. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಕೃತಿವಿಜ್ಞಾನ ಸಂಗ್ರಹಾಲಯದ ಕೀಟಗಳನ್ನು ಚಿತ್ರಿಸಿ, 2016ರಲ್ಲಿ ಅಲ್ಲಿಯೇ ಪ್ರದರ್ಶಿಸಿದನು. ಪ್ರತಿ ಕೀಟವನ್ನೂ ಸುಮಾರು 30 ಭಾಗಗಳಾಗಿ ವಿಂಗಡಿಸಿ, ಕೊಂಬು, ಕಣ್ಣು, ರೆಕ್ಕೆ ಮೊದಲಾದವುಗಳಿಗೆ ಬೇರೆ ಬೇರೆಯಾಗಿ ಬೆಳಕು ಹೊಂದಿಸಿದನು. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕ್ಯಾಮೆರಾ ಸರಿಯುತ್ತಿದ್ದುದು ಸುಮಾರು 10 ಮೈಕ್ರಾನ್. ತಲೆಗೂದಲಿನ ದಪ್ಪವೇ ಇದರ ಹಲವು ಪಟ್ಟು. ಹೀಗೆ ಒಂದೇ ಹುಳುವಿಗೆ 8,000ದಷ್ಟು ಚಿತ್ರಗಳು, ಮೂರು ವಾರಗಳಿಗೂ ಮಿಕ್ಕಿದ ದುಡಿಮೆ! ಉಗುರಿನಷ್ಟಿದ್ದ ಜೀವಿ ಗೋಡೆಯಷ್ಟಾಗಿ ನಿಂತಾಗ, ಅದರ ಮೈಮೇಲಿನ ಕುಳಿ, ಏಣು, ಹೊಳಪುಗಳು ಯಾವ ದೇಗುಲದ ಕೆತ್ತನೆಗೂ ಕಡಿಮೆಯಿಲ್ಲವೆಂದು ತೋರಿದವು.

ಇಂಥ ಚಿತ್ರವನ್ನು ಯಾರ ಕಣ್ಣೂ ಒಂದೇ ನೋಟದಲ್ಲಿ ಕಾಣಲಾರದು. ಹಾಗಾದರೆ ಇದು ಸುಳ್ಳೇ? ಇದರೊಳಗಿನ ಪ್ರತಿಯೊಂದು ರೋಮವೂ ಹುಳುವಿನ ಮೈಮೇಲೆ ಇದ್ದದ್ದೇ. ಒಂದೇ ನೋಟಕ್ಕೆ ನಿಲುಕದಿದ್ದುದನ್ನು ತಾಳ್ಮೆ ಒಟ್ಟುಗೂಡಿಸಿದೆ, ಅಷ್ಟೆ.

ಇದರ ಪ್ರಯೋಜನ ಬರಿಯ ಸೊಬಗಿನಲ್ಲಿಲ್ಲ. ಹೊಸ ಕೀಟಕ್ಕೆ ಹೆಸರಿಟ್ಟಾಗ ಆಧಾರವಾದ ಮೂಲಮಾದರಿಯನ್ನು ಸಂಗ್ರಹಾಲಯಗಳು ಜೋಪಾನವಾಗಿ ಕಾಯುತ್ತವೆ. ದಶಕಗಳ ಕಾಲ ಒಣಗಿದ ಅದರ ಕಾಲು, ಮೀಸೆಗಳು ಸಾಗಣೆಯಲ್ಲಿ ಮುರಿಯಬಹುದು. ಈಗ ಹುಳುವಿನ ಬದಲು ಅದರ ಚಿತ್ರವೇ ದೂರದೇಶದ ವಿದ್ವಾಂಸನ ಮೇಜಿಗೆ ಹೋಗುತ್ತದೆ.

2022ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಪ್ರಕೃತಿವಿಜ್ಞಾನ ಸಂಗ್ರಹಾಲಯದಲ್ಲಿ ಬಿಸ್ ಪ್ರದರ್ಶಿಸಿದ ಚಿತ್ರಗಳು ಅಳಿದ ಮತ್ತು ಅಳಿವಿನಂಚಿನಲ್ಲಿರುವ ಕೀಟಗಳವು. ಅವುಗಳಲ್ಲೊಂದು ‘ಜರ್ಕ್ಸೀಸ್ ಬ್ಲೂ’ ಎಂಬ ಪುಟ್ಟ ನೀಲಿ ಚಿಟ್ಟೆ. ಸ್ಯಾನ್ ಫ್ರಾನ್ಸಿಸ್ಕೋದ ಮರಳುದಿಬ್ಬಗಳೇ ಅದರ ತವರು. ನಗರ ಬೆಳೆಯಿತು, ದಿಬ್ಬಗಳು ಕಟ್ಟಡಗಳ ಅಡಿಯಾದವು; 1940ರ ದಶಕದ ಆರಂಭದ ಬಳಿಕ ಆ ಚಿಟ್ಟೆಯನ್ನು ಯಾರೂ ಕಂಡಿಲ್ಲ. ಈಗ ಅದರ ರೆಕ್ಕೆಯ ಒಂದೊಂದು ಹುರುಪೆಯನ್ನೂ ಎಣಿಸುವಷ್ಟು ಸ್ಫುಟವಾಗಿ ನೋಡಬಹುದು. ಅದು ಹಾರುವುದನ್ನು ಮಾತ್ರ ನೋಡಲಾಗದು. ಕಿಟಕಿಯ ಬಳಿ, ಕೈತೋಟದ ಎಲೆಯ ಮೇಲೆ ಇನ್ನೂ ಹರಿದಾಡುತ್ತಿರುವ ಜೀವಿಗಳನ್ನು ಬಗ್ಗಿ ನೋಡಲು ಯಾವ ಯಂತ್ರವೂ ಬೇಡ. ಒಂದು ಭೂತಗನ್ನಡಿ, ಒಂದಿಷ್ಟು ಬಿಡುವು ಸಾಕು.