ಜಾಮ್ ಆದ ಪಿಸ್ಟನ್ನೂ ಹದಿನೈದು ದಿನಗಳ ಗಡುವೂ

“ಮಾಮ, ಸುತ್ತಿಗೆ ತಗೊಂಡು ಒಂದೇ ಒಂದು ಏಟು ಹಾಕಿಬಿಡ್ಲಾ?”

ಡೊಂಬಿವಲಿಯ ನಮ್ಮಕ್ಕನ ಮಗ ಹೀಗೆ ಕೇಳಿದಾಗ ಅವನ ಎದುರಿಗಿದ್ದದ್ದು ಅವನ ಅಪ್ಪನ ಹಳೆಯ ಯೆಜ್ಡಿ. ಭಾವ ವಯಸ್ಸಿನಲ್ಲಿ ಅದರ ಹೆಡ್‌ಲೈಟ್ ಕಳಚಿ, ದಪ್ಪ ಹಲ್ಲಿನ ಟೈರು ಹಾಕಿಸಿ ಮಣ್ಣಿನ ಪಂದ್ಯಗಳಲ್ಲಿ ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಾಡಿ ಸೊಸೈಟಿಯ ಮೆಟ್ಟಿಲ ಕೆಳಗೇ ಎಂಟು ಮಳೆಗಾಲ ಕಳೆಯಿತು. ಓಡದ ಗಾಡಿಗಳನ್ನು ಹದಿನೈದು ದಿನಗಳಲ್ಲಿ ತೆಗೆಯಬೇಕೆಂದು ಸೊಸೈಟಿಯವರು ನೋಟೀಸು ಹಚ್ಚಿದರು. ಅಕ್ಕ ನನ್ನನ್ನು ಕರೆದು, “ನೋಡಪ್ಪ, ಅಷ್ಟರೊಳಗೆ ಎಂಜಿನ್ ತಿರುಗಿದರೆ ಇಟ್ಟುಕೊಳ್ಳೋಣ. ಇಲ್ಲದಿದ್ದರೆ ಭಂಗಾರದವನಿಗೆ ಕೊಟ್ಟುಬಿಡೋಣ” ಎಂದಳು. ಎಂಜಿನ್ನೋ, ಕಲ್ಲಿನಂತೆ ಕೂತಿತ್ತು.

ಯುವಮಿತ್ರರೇ, ಯೆಜ್ಡಿ ನಮ್ಮ ಮೈಸೂರಿನ ಗಾಡಿ. 1960ರ ದಶಕದ ಆರಂಭದಲ್ಲಿ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ಝೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಬಂದವು ನಿಜ. ಆದರೆ ಅವು ಫೋರ್ ಸ್ಟ್ರೋಕ್. ಭಾವನ 250 ಸಿಸಿ ಟೂ ಸ್ಟ್ರೋಕ್ ಎಂಜಿನ್ನಿಗೆ ಅವುಗಳ ಭಾಗ ಹೊಂದುವುದಿಲ್ಲ. ಎಂದರೆ, ಆ ಒಂದು ಸುತ್ತಿಗೆಯೇಟಿಗೆ ಬೋರ್ ಸೀಳಿದರೆ ಅಂಥದೇ ಇನ್ನೊಂದನ್ನು ಆ ಕಾರ್ಖಾನೆ ಕೊಡುವಂತಿಲ್ಲ.

ಪಿಸ್ಟನ್ ಹೀಗೆ ಹಿಡಿದುಕೊಳ್ಳಲು ಮುಖ್ಯವಾಗಿ ಎರಡು ಕಾರಣ. ಓಡುವಾಗಲೇ ಹಿಡಿದರೆ, ಪೆಟ್ರೋಲಿಗೆ ಎಣ್ಣೆ ಕಡಿಮೆ ಬೆರೆಸಿದ್ದೋ ಎಂಜಿನ್ ಮಿತಿಮೀರಿ ಕಾದದ್ದೋ ಇರಬೇಕು. ನಿಂತಲ್ಲೇ ಹಿಡಿದರೆ ಅದು ತುಕ್ಕಿನ ಕೆಲಸ. ಟೂ ಸ್ಟ್ರೋಕ್ ಎಂಜಿನ್ನಿನ ಬೋರಿನಲ್ಲೇ ಕಿಂಡಿಗಳಿರುತ್ತವೆ. ಮಳೆಗಾಲದ ತೇವದ ಗಾಳಿ ಸೈಲೆನ್ಸರ್ ಮೂಲಕ ಒಳಹೊಕ್ಕು ಕಬ್ಬಿಣದ ಬೋರಿಗೆ ತುಕ್ಕು ಹಿಡಿಸುತ್ತದೆ; ಉಂಗುರಗಳು ಅಲ್ಲೇ ಅಂಟಿಕೊಳ್ಳುತ್ತವೆ.

ಹುಡುಗ ಅದಾಗಲೇ ಕಿಕ್ಕಿನ ಮೇಲೆ ಹತ್ತಿ ಕುಣಿದಿದ್ದ. ಇಳಿಸಿದೆ. ಯೆಜ್ಡಿಯಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಪಿಸ್ಟನ್ ಕದಲುವ ಮೊದಲು ಒಳಗಿನ ಹಲ್ಲುಗಳೇ ಮುರಿದಾವು!

ಪ್ಲಗ್ ಬಿಚ್ಚಿ, ಹೆಡ್ ಕಳಚಿದೆವು. ಪಿಸ್ಟನ್ ನಡುಮಟ್ಟದಲ್ಲಿ ನಿಂತಿತ್ತು, ನಮ್ಮ ಅದೃಷ್ಟ. ತೀರಾ ಮೇಲಿನ ತುದಿಯಲ್ಲಿ ಸಿಕ್ಕಿದ್ದರೆ ಕೆಳಕ್ಕೆ ತಟ್ಟಿದ ಏಟೆಲ್ಲ ನೇರವಾಗಿ ಕನೆಕ್ಟಿಂಗ್ ರಾಡಿಗೂ ಬೇರಿಂಗಿಗೂ ಬೀಳುತ್ತಿತ್ತು. ಮೇಲ್ಭಾಗದ ಬೋರಿನ ತುಕ್ಕನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಪುಡಿಯನ್ನೆಲ್ಲ ಒರೆಸಿ ತೆಗೆದೆವು. ತುಕ್ಕು ಬಿಡಿಸುವ ಎಣ್ಣೆಯನ್ನು ಪಿಸ್ಟನ್ನಿನ ಸುತ್ತ ಸುರಿದು ಬಟ್ಟೆ ಮುಚ್ಚಿದೆವು. ಮತ್ತೇನು? ಕಾಯುವುದು.

ದಿನಾ ಸಂಜೆ ಎಣ್ಣೆ ಹೊಯ್ಯುವುದು, ಮರದ ತುಂಡಿಟ್ಟು ಮೆಲ್ಲಗೆ ತಟ್ಟುವುದು. ಆರು ದಿನವಾದರೂ ಕೂದಲೆಳೆಯಷ್ಟು ಕದಲಲಿಲ್ಲ. ಸುತ್ತಿಗೆಯ ಮಾತು ಬಂದದ್ದು ಆಗಲೇ. “ಇನ್ನು ಒಂಬತ್ತೇ ದಿನ ಮಾಮ!” ಎಂದ. ನನಗೂ ಒಳಗೊಳಗೇ ಅಳುಕು.

ಏಳನೆಯ ದಿನ ಶಾಖದ ಮೊರೆ ಹೊಕ್ಕೆವು. ಎಣ್ಣೆಯನ್ನೆಲ್ಲ ಒರೆಸಿ, ಗಾಡಿಯನ್ನು ಬಯಲಿಗೆ ತಂದು, ಹೀಟ್ ಗನ್ನಿನಿಂದ ಬೋರಿನ ಹೊರಮೈ ಕಾಯಿಸಿದೆವು. ಬೆಂಕಿ ಮಾತ್ರ ಕೂಡದು. ಇದರಲ್ಲೊಂದು ಲೆಕ್ಕವಿದೆ: ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ, ತಣಿದಾಗ ಅಷ್ಟೇ ಕುಗ್ಗುತ್ತದೆ. ಕಾಯಿಸಿ ತಣಿಸಿದಂತೆಲ್ಲ ತುಕ್ಕಿನ ಬೆಸುಗೆ ಬಿರುಕು ಬಿಡುತ್ತದೆ. ತಣಿದ ಮೇಲೆ ಹೊಯ್ದ ಎಣ್ಣೆ ಆ ಬಿರುಕಿಗೆ ಇಳಿಯುತ್ತದೆ.

ಹನ್ನೊಂದನೆಯ ಸಂಜೆ ಮರದ ತುಂಡನ್ನು ತಟ್ಟುತ್ತಿದ್ದವನು ಹುಡುಗನೇ. “ಟಕ್” ಎಂದು ಸಣ್ಣ ಸದ್ದು. ಪಿಸ್ಟನ್ ಒಂದು ಗೆರೆಯಷ್ಟು ಇಳಿದಿತ್ತು! ಅವನು ಅರಚಿದ ಸದ್ದಿಗೆ ಮೂರನೇ ಮಹಡಿಯ ಅಕ್ಕ ಬಾಲ್ಕನಿಗೆ ಬಂದಳು. ಬಳಿಕ ಟಾಪ್ ಗೇರ್ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಆಡಿಸಿದಾಗ ಪಿಸ್ಟನ್ ಮೆಲ್ಲಮೆಲ್ಲನೆ ಓಡಾಡತೊಡಗಿತು. ಬೋರನ್ನು ನೆಟ್ಟಗೆ ಮೇಲೆತ್ತಿದೆವು. ಪಿನ್ನಿನ ಸರ್‌ಕ್ಲಿಪ್ ಜಾರಿ ಒಳಗೆ ಬೀಳದಂತೆ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿದ್ದೆವು. ಇದನ್ನು ಮಾತ್ರ ಮರೆಯಬೇಡಿ.

ಬೋರಿನಲ್ಲಿ ತುಕ್ಕಿನ ಪಟ್ಟಿಯಿತ್ತೇ ಹೊರತು ಉದ್ದುದ್ದ ಗೀರುಗಳಿರಲಿಲ್ಲ. ಅಪ್ಪ ಓಡಿಸಿ ಹಾಳು ಮಾಡಿದ್ದಲ್ಲ, ನಾವು ನಿಲ್ಲಿಸಿ ಹಾಳು ಮಾಡಿದ್ದು ಎಂದು ಹುಡುಗನೇ ಹೇಳಿದ. ಲೇತಿನವರು ಬೋರಿಂಗ್ ಮಾಡಿ, ಒಂದು ಅಳತೆ ದೊಡ್ಡ ಪಿಸ್ಟನ್ ಕೂರಿಸಿಕೊಡಲು ಒಪ್ಪಿದ್ದಾರೆ. ಅಕ್ಕ ಸೊಸೈಟಿಯವರಿಂದ ಒಂದು ತಿಂಗಳ ಅವಕಾಶ ಕೇಳಿ ಪಡೆದಿದ್ದಾಳೆ.

ನಿಮ್ಮ ಮನೆಯಲ್ಲೂ ಇಂಥ ಗಾಡಿ ನಿಂತಿದ್ದರೆ, ಮಳೆಗಾಲಕ್ಕೆ ಮುಂಚೆ ಪ್ಲಗ್ ಬಿಚ್ಚಿ ಒಂದೆರಡು ಚಮಚ ಎಂಜಿನ್ ಆಯಿಲ್ ಹಾಕಿ, ಮೆಲ್ಲಗೆ ಕಿಕ್ ಒತ್ತಿ ಎಂಜಿನ್ ತಿರುಗಿಸಿ, ಸೈಲೆನ್ಸರಿನ ಬಾಯಿಗೆ ಬಟ್ಟೆ ಕಟ್ಟಿ. ಈಗಾಗಲೇ ಜಾಮ್ ಆಗಿದ್ದರೆ ಸುತ್ತಿಗೆಯನ್ನು ಬಚ್ಚಿಟ್ಟು ಎಣ್ಣೆ ತನ್ನಿ. ತಾಳಿದವನು ಬಾಳಿಯಾನು ಎಂಬ ಗಾದೆ ಪಿಸ್ಟನ್ನಿಗೂ ಸಲ್ಲುತ್ತದೆ.