ಮೀನಿನ ಗನ್ನಿಗೆ ಇನ್ನೊಂದು ರಬ್ಬರ್: ಎರಡು ಹಾಕಿದ್ರೆ ಎರಡು ಪಟ್ಟು ದೂರ ಹೋಗುತ್ತಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಿಮ್ಮ ಫೋನಿಗೂ ಆ ರೀಲ್ಸ್ ಬಂದೇ ಇರುತ್ತೆ. ನೀಲಿ ಸಮುದ್ರ, ನೀರೊಳಗೆ ಒಬ್ಬ, ಕೈಯಲ್ಲಿ ಉದ್ದನೆಯ ಗನ್ನು. ಟ್ರಿಗರ್ ಒತ್ತಿದ, ಬಾಣ ಹೋಗಿ ಮೀನಿಗೆ ನಾಟಿತು. ಹೆಸರಿಗೆ ಗನ್ನು ಅಷ್ಟೇ, ಒಳಗೆ ಮದ್ದಿಲ್ಲ, ಗುಂಡಿಲ್ಲ. ಎಲ್ಲಾ ಕೆಲಸ ರಬ್ಬರಿನದೇ. ಕೂಡ್ಲಿಗಿ, ಕೊಟ್ಟೂರು ಕಡೆ ಹಕ್ಕಿ ಓಡಿಸೋಕೆ ಹಿಡಿಯೋ ರಬ್ಬರ್ ಕವಣೆಯ ದೊಡ್ಡಣ್ಣ ಅಂದ್ಕೊಳ್ಳಿ.

ಈಗ ಕವಣೆಗೇ ದಾರದ ಉರುಳೆ, ಬಾಣ ಸೇರಿಸಿದ ಕಿಟ್ ಕೂಡ ಆನ್‌ಲೈನ್‌ನಲ್ಲಿ ಸಿಗುತ್ತೆ. ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳಲ್ಲಿ ತುಂಗಭದ್ರಾ ಹಿನ್ನೀರು ಹೊಲದ ಅಂಚಿಗೇ ಬಂದು ನಿಲ್ಲುತ್ತೆ. ಕಿಟ್ ಕೈಗೆ ಬಂದವರಿಗೆ ಮುಂದಿನ ಪ್ರಶ್ನೆ ಹುಟ್ಟೋದು ಸಹಜ: "ಅಣ್ಣಾ, ಇನ್ನೊಂದು ರಬ್ಬರ್ ಹಾಕಿದ್ರೆ ಡಬಲ್ ಹೊಡೀತದಾ?"

ಹೊಡಿಯಲ್ಲ. ಯಾಕೆ ಅಂತ ಹೇಳ್ತೀನಿ.

ಒಂದೇ ಥರದ ಎರಡು ರಬ್ಬರನ್ನು ಒಂದೇ ಉದ್ದಕ್ಕೆ ಎಳೆದರೆ ಒಳಗೆ ಕೂಡೋ ಶಕ್ತಿ ಎರಡು ಪಟ್ಟು, ಅದು ನಿಜ. ಆದರೆ ಬಾಣದ ವೇಗ ಶಕ್ತಿಯ ವರ್ಗಮೂಲದ ಲೆಕ್ಕದಲ್ಲಿ ಏರುತ್ತೆ. ಅಂದರೆ ಹೆಚ್ಚೆಂದರೆ 1.4 ಪಟ್ಟು. ರಬ್ಬರು ತನ್ನ ತೂಕವನ್ನೂ ತಾನೇ ಎಳೆದುಕೊಂಡು ಹೋಗಬೇಕಲ್ಲ, ಹಾಗಾಗಿ ಅಷ್ಟೂ ಸಿಗಲ್ಲ. ಆಮೇಲೆ ನೀರು ಬರುತ್ತೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ವೇಗ 1.4 ಪಟ್ಟಾದರೆ ನೀರಿನ ತಡೆ ಎರಡು ಪಟ್ಟಾಗುತ್ತೆ. ಹೆಚ್ಚುವರಿ ರಬ್ಬರು ಕೊಟ್ಟಿದ್ದರಲ್ಲಿ ದೊಡ್ಡ ಪಾಲನ್ನು ನೀರು ಬೇಗನೇ ತಿಂದುಹಾಕುತ್ತೆ. ನಿಮಗೆ ಸಿಗೋದು ಸ್ವಲ್ಪ ದೂರ. ಅದಕ್ಕೆ ತೆರೋದು ಜೋರಾಗಿ ಹಿಂದಕ್ಕೆ ಒದೆಯೋ ಗನ್ನು, ಮೇಲಕ್ಕೆ ಏಳೋ ಮೂತಿ, ತಪ್ಪೋ ಗುರಿ.

ಬಾಣ ತೆಳ್ಳಗಿದ್ದರೆ ಇನ್ನೂ ಕಷ್ಟ. ಹಿಂದಿನಿಂದ ಜೋರಾಗಿ ತಳ್ಳಿದಾಗ ಅದು ಬಿದಿರು ಬರಲಿನ ಹಾಗೆ ಬಳುಕುತ್ತೆ. ಬಳುಕಿದ ಬಾಣ ನೆಟ್ಟಗೆ ಹೋಗಲ್ಲ. ಅದಕ್ಕೇ ತಿಳಿದವರು ರಬ್ಬರ್ ಹೆಚ್ಚಿಸುವಾಗ ಬಾಣವನ್ನೂ ದಪ್ಪ ಮಾಡ್ತಾರೆ. ಅಗ್ಗದ ಗನ್ನಿನಲ್ಲಿ ಟ್ರಿಗರಿನ ಒಳಭಾಗ ಪ್ಲಾಸ್ಟಿಕ್ ಇದ್ದರೆ ಎರಡನೇ ರಬ್ಬರಿನ ಯೋಚನೆಯನ್ನೇ ಬಿಡಿ. ಎಳೆದು ಸಿಕ್ಕಿಸಿದ ರಬ್ಬರು ಟ್ರಿಗರ್ ಮುಟ್ಟದೇ ಬಿಡುಗಡೆ ಆಯ್ತು ಅಂದ್ರೆ ಬಾಣ ಯಾರ ಕಡೆ ಹೋಗುತ್ತೆ ಅನ್ನೋದು ನಿಮ್ಮ ಕೈಲಿರಲ್ಲ.

ಹಾಗಾದ್ರೆ ಸುಧಾರಿಸೋದು ಹೇಗೆ? ಸಂಖ್ಯೆಗಿಂತ ಮೊದಲು ಉದ್ದ ನೋಡಿ. ನೀರೊಳಗಿನ ಗನ್ನಿನ ರಬ್ಬರನ್ನು ಸಾಮಾನ್ಯವಾಗಿ ಅದರ ಸಹಜ ಉದ್ದದ ಮೂರರಿಂದ ಮೂರೂವರೆ ಪಟ್ಟಿಗೆ ಎಳೀತಾರೆ. ಮೂತಿಯಿಂದ ಬಾಣದ ಕಚ್ಚಿನವರೆಗೆ 75 ಸೆಂ.ಮೀ. ಇದೆ ಅಂದ್ಕೊಳ್ಳಿ. ರಬ್ಬರ್ ಎರಡೂ ಬದಿ ಬರೋದ್ರಿಂದ 150. ಮೂರರಿಂದ ಭಾಗಿಸಿದರೆ 50 ಸೆಂ.ಮೀ. ರಬ್ಬರ್ ಬೇಕು, ಗಂಟಿನ ಭಾಗ ಬೇರೆ. ಮೂರೂವರೆಯಿಂದ ಭಾಗಿಸಿದರೆ ಸುಮಾರು 43. ಇದಕ್ಕಿಂತ ಗಿಡ್ಡ ಮಾಡಿದರೆ ಬಿಗಿ ಬರುತ್ತೆ, ಆದರೆ ರಬ್ಬರಿನ ಆಯಸ್ಸು ಹೋಗುತ್ತೆ. ದಪ್ಪದ ಲೆಕ್ಕವೂ ಹೀಗೇ: 14 ಮಿ.ಮೀ. ಬದಲು 16 ಹಾಕಿದರೆ ಎಳೆಯೋ ಬಲ ಹತ್ತಿರ ಹತ್ತಿರ ಶೇ 30ರಷ್ಟು ಏರುತ್ತೆ. ಎಷ್ಟೋ ಜನಕ್ಕೆ ಅಷ್ಟೇ ಸಾಕು.

ಇನ್ನು ನಮ್ಮ ಕಡೆಯ ಪಂಕ್ಚರ್ ಅಂಗಡಿ ವಿದ್ಯೆ. ಹಳೇ ಟ್ಯೂಬ್ ಸೀಳಿ ಕಟ್ಟೋದು. ಟ್ಯೂಬ್‌ಗಳಲ್ಲಿ ಬಹಳಷ್ಟು ಬ್ಯುಟೈಲ್ ರಬ್ಬರಿನವು. ಅದು ಗಾಳಿ ಸೋರದ ಹಾಗೆ ಹಿಡಿಯೋದ್ರಲ್ಲಿ ಗಟ್ಟಿಗ, ಜಿಗಿಯೋದ್ರಲ್ಲಿ ಸೋಮಾರಿ. ಎಳೆದಾಗ ನೀವು ಹಾಕಿದ ಶಕ್ತಿಯಲ್ಲಿ ದೊಡ್ಡ ಪಾಲು ಒಳಗೇ ಬಿಸಿಯಾಗಿ ಕಳೆದುಹೋಗುತ್ತೆ. ಮರದ ಹಾಲಿನಿಂದ ಮಾಡಿದ ಲೇಟೆಕ್ಸ್ ಹಾಗಲ್ಲ, ಕೊಟ್ಟಿದ್ದನ್ನು ಬಹುತೇಕ ವಾಪಸ್ ಕೊಡುತ್ತೆ. ಹೀಗಾಗಿ ಎರಡು ಟ್ಯೂಬ್ ಪಟ್ಟಿಗಿಂತ ಒಂದು ಒಳ್ಳೇ ಲೇಟೆಕ್ಸ್ ಮೇಲು. ಅದನ್ನೂ ಎಳೆದು ಸಿಕ್ಕಿಸಿ ಮೀನಿಗಾಗಿ ಕಾಯ್ತಾ ಕೂತರೆ ಬಿಗಿ ಸಡಿಲಾಗ್ತಾ ಹೋಗುತ್ತೆ. ಮೀನು ಬರೋ ಹೊತ್ತಿಗೆ ಮೊದಲಿನ ಜೋರು ಇರಲ್ಲ.

ಈಗ ಜಾಗದ ಮಾತು. ರೀಲ್ಸ್‌ನಲ್ಲಿ ಕಾಣೋ ಸಮುದ್ರದಲ್ಲಿ ಹತ್ತು–ಹದಿನೈದು ಮೀಟರ್ ದೂರ ಕಾಣುತ್ತೆ. ಮಳೆಗಾಲದಲ್ಲಿ ನಮ್ಮ ಹಿನ್ನೀರು ಕೆಂಪು ಚಹಾದ ಹಾಗಿರುತ್ತೆ, ಮೊಣಕಾಲುದ್ದ ನೀರಲ್ಲಿ ನಿಮ್ಮ ಪಾದವೇ ನಿಮಗೆ ಕಾಣಲ್ಲ. ಕಾಣದ ಕಡೆ ಹೊಡೆಯೋ ಬಾಣಕ್ಕೆ ಬಲ ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ. ಅಲ್ಲಿ ಬಲೆ ಬಿಡಿಸುತ್ತಾ ನಿಂತವರಿರಬಹುದು, ಎಮ್ಮೆ ಮೈ ತೊಳೆಯೋ ಹುಡುಗ ಇರಬಹುದು.

ದಡದ ಮೇಲೆ ನಿಂತು ಹೊಡೆಯೋದಂತೂ ಇನ್ನೂ ಕೆಟ್ಟದ್ದು. ಬೆಳಕು ನೀರಿನಲ್ಲಿ ಬಾಗೋದ್ರಿಂದ ಮೀನು ಇರೋ ಆಳಕ್ಕಿಂತ ಮೇಲೆ ಕಾಣುತ್ತೆ. ಕಂಡಲ್ಲಿಗೇ ಹೊಡೆದರೆ ಬಾಣ ಮೀನಿನ ಬೆನ್ನ ಮೇಲಿಂದ ಹೋಗುತ್ತೆ. ಇದನ್ನು ಎಷ್ಟು ರಬ್ಬರ್ ಹಾಕಿದರೂ ಸರಿಮಾಡಕ್ಕಾಗಲ್ಲ, ಕೆಳಗೆ ಗುರಿ ಇಡೋದೊಂದೇ ದಾರಿ. ತೀರಾ ಓರೆಯಾಗಿ ಹೊಡೆದರೆ ಬಾಣ ನೀರೊಳಗೆ ಹೋಗದೇ ಇರಬಹುದು. ಚಪ್ಪಟೆ ಕಲ್ಲು ಕುಪ್ಪಳಿಸಿದ ಹಾಗೆ ಮೇಲ್ಮೈಗೆ ಬಡಿದು ಚಿಮ್ಮಿ ಮುಂದೆ ಹೋಗಬಹುದು. ವೇಗ ಹೆಚ್ಚಿದ್ದಷ್ಟೂ ಚಿಮ್ಮಿ ಹೋಗೋ ದೂರ ಹೆಚ್ಚು. ನೀರೊಳಗಿನ ಗನ್ನನ್ನು ಗಾಳಿಯಲ್ಲಿ ಪರೀಕ್ಷೆಗೂ ಹೊಡೀಬೇಡಿ. ತಡೆಯೋಕೆ ನೀರಿಲ್ಲದಾಗ ಬಾಣ ದಾರದ ತುದಿಗೆ ಹೋಗಿ ಜಗ್ಗಿ ಹೊಡೆದವನ ಮುಖಕ್ಕೇ ತಿರುಗಿ ಬರಬಹುದು.

ಕಾನೂನಿನದು ಎರಡೇ ಮಾತು. ಕೆರೆ, ಜಲಾಶಯದ ಮೀನು ಹಿಡಿಯೋ ಹಕ್ಕು ಲೈಸೆನ್ಸ್ ಅಥವಾ ಗುತ್ತಿಗೆಯ ಮೇಲೆ ಇರುತ್ತೆ, ಮೊದಲು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಕಡೆಗೆ ಕವಣೆನೂ ಬೇಡ, ಗನ್ನೂ ಬೇಡ: ಅದು ಪಕ್ಷಿ ಸಂರಕ್ಷಣಾ ಮೀಸಲು, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ.

ರಬ್ಬರ್ ಬದಲಿಸೋದು ಯಾವಾಗ ಅಂತನೂ ಕೇಳ್ತೀರಿ. ಸ್ವಲ್ಪ ಎಳೆದು ಹಿಡಿದು ಬೆಳಕಿಗೆ ತೋರಿಸಿ. ಒಣಗಿದ ಕೆರೆಯ ಮಣ್ಣಿನ ಹಾಗೆ ಸಣ್ಣ ಬಿರುಕು ಕಂಡರೆ, ಮುಟ್ಟಿದಾಗ ಅಂಟಿದರೆ, ಗಂಟಿನ ಹತ್ತಿರ ಕಚ್ಚು ಬಿದ್ದಿದ್ದರೆ ಅವತ್ತೇ ಕತ್ತರಿಸಿ ಬಿಸಾಕಿ. ನಮ್ಮ ಬಯಲುಸೀಮೆಯ ಬಿಸಿಲು ರಬ್ಬರಿಗೆ ದೊಡ್ಡ ಶತ್ರು. ಬೈಕಿನ ಬ್ಯಾಗಿನಲ್ಲಿ, ತಗಡಿನ ಶೆಡ್ಡಿನಲ್ಲಿ ಬಿಟ್ಟರೆ ಬೇಗ ಸಾಯುತ್ತೆ. ಬಳಸಿದ ಮೇಲೆ ಒಳ್ಳೇ ನೀರಲ್ಲಿ ತೊಳೆದು, ನೆರಳಲ್ಲಿ ಆರಿಸಿ, ಎಳೆಯದೆ ಸಡಿಲವಾಗಿ ಕತ್ತಲೆ ಜಾಗದಲ್ಲಿ ಇಡಿ. ಪೆಟ್ರೋಲು, ಗ್ರೀಸು ತಾಗಿಸಬೇಡಿ. ಎರಡು ರಬ್ಬರಿನ ಗನ್ನಾದರೆ ಒಂದು ಹೋದಾಗ ಎರಡನ್ನೂ ಒಟ್ಟಿಗೇ ಬದಲಿಸಿ.